ಹಳೆಯ ತಳಿಯ ಬೀಜ ಉಳಿಸಿ, ಅದರಿಂದ ಹೊಸ ತಳಿ ಮಾಡುವುದು ಹೇಗೆ? ಹಂತ ಹಂತವಾಗಿ

"ಬೀಜ ಚೆನ್ನಾಗಿತ್ತು, ಗಾಜಿನ ಬಾಟಲಿಯಲ್ಲೇ ಇಟ್ಟಿದ್ದೆ, ಫ್ರಿಜ್‌ನಲ್ಲೇ ಇತ್ತು. ಮೂರು ವರ್ಷ ಬಿಟ್ಟು ಬಿತ್ತಿದರೆ ನೂರಕ್ಕೆ ಹತ್ತೂ ಹುಟ್ಟಲಿಲ್ಲ." ಈ ಮಾತು ನಾನು ಕೇಳಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಇನ್ನು ಕೆಲವರದ್ದು ಬೇರೆ ಗೋಳು. ಬೀಜವೇನೋ ಹುಟ್ಟುತ್ತದೆ, ಆದರೆ ಬೆಳೆದು ನಿಂತದ್ದು ಅವರು ತಂದ ತಳಿಯೇ ಅಲ್ಲ. ಮತ್ತೆ ಕೆಲವರು ಎರಡು ತಳಿ ಕ್ರಾಸ್ ಮಾಡಿ ನಾಲ್ಕು ವರ್ಷ ಬೆಳೆಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಕ್ರಾಸ್ ಆಗಿಯೇ ಇರಲಿಲ್ಲ ಅಂತ.

ಕೇಳುತ್ತಾ ಹೋದರೆ ಹೆಚ್ಚಿನವರ ತಪ್ಪು ಒಂದೇ ಜಾಗದಲ್ಲಿ ಸಿಗುತ್ತದೆ. ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ, ಆದರೆ ಹಿಂದುಮುಂದಾಗಿ. ಒಣಗಿಸುವ ಮೊದಲೇ ಫ್ರಿಜ್‌ಗೆ ಹಾಕಿದ್ದಾರೆ. ನಂಬರ್ ಕೊಡುವ ಮೊದಲೇ ಒಕ್ಕಿದ್ದಾರೆ. ತಳಿಯ ಗುಣ ನೋಡುವ ಮೊದಲೇ ಕ್ರಾಸ್‌ಗೆ ಕೈ ಹಾಕಿದ್ದಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಅದರ ಫಲ ಎರಡು ಮೂರು ವರ್ಷದ ನಂತರ ಕಾಣುತ್ತದೆ. ಆಗ ತಿದ್ದಲು ಬೀಜವೇ ಉಳಿದಿರುವುದಿಲ್ಲ.

## ಕೈಗೆ ಬೇಕಾದ ಸಾಮಾನು

ಕಾಗದದ ಅಥವಾ ಬಟ್ಟೆಯ ಚೀಲ, ಪೆನ್ಸಿಲ್, ಒಂದು ರಿಜಿಸ್ಟರ್. ಅರ್ಧ ಗ್ರಾಂವರೆಗಾದರೂ ತೋರಿಸುವ ತಕ್ಕಡಿ. ರಬ್ಬರ್ ಉಂಗುರವಿರುವ ಬಿಗಿ ಮುಚ್ಚಳದ ಗಾಜಿನ ಜಾಡಿ, ಅಥವಾ ಒಳಗೆ ಅಲ್ಯೂಮಿನಿಯಂ ಪದರವಿರುವ ಪ್ಯಾಕೆಟ್ ಮತ್ತು ಅದನ್ನು ಬಿಸಿಯಿಂದ ಮುಚ್ಚುವ ಯಂತ್ರ. ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು. ಜಾಡಿಯೊಳಗೆ ಹಿಡಿಯುವಷ್ಟು ಚಿಕ್ಕ ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ತೋರಿಸುವ ಮೀಟರ್. ಕ್ರಾಸ್ ಮಾಡಲು ಚೂಪು ತುದಿಯ ಚಿಮಟ, ಸಣ್ಣ ಕತ್ತರಿ, ದಾರ ಕಟ್ಟಿದ ಚೀಟಿ, ಸ್ಪಿರಿಟ್.

ಒಂದನ್ನು ಬಿಡಲೇಬೇಕು ಅಂದರೆ ಬೇರೆ ಏನನ್ನಾದರೂ ಬಿಡಿ, ಹೈಗ್ರೋಮೀಟರ್ ಬಿಡಬೇಡಿ. ಬೀಜ ಒಣಗಿದೆ ಅಂತ ಕೈಗೆ ಅನ್ನಿಸುವುದಕ್ಕೂ ನಿಜವಾಗಿ ಒಣಗಿರುವುದಕ್ಕೂ ತುಂಬಾ ಅಂತರವಿದೆ.

## ಹಂತ 1: ನಿಮ್ಮ ಬೀಜ ಒಣಗಿಸಿದರೆ ಬದುಕುತ್ತದೆಯೇ?

ಎಲ್ಲ ಬೀಜವೂ ಒಣಗಿಸಿ ಇಡುವಂಥದ್ದಲ್ಲ. ಭತ್ತ, ಗೋಧಿ, ಮೆಕ್ಕೆಜೋಳ, ಬೇಳೆಕಾಳು, ಟೊಮೆಟೊ, ಬದನೆ, ಮೆಣಸಿನಕಾಯಿ ಇವೆಲ್ಲ ಒಣಗಿಸಿ ತಣ್ಣಗಿಟ್ಟಷ್ಟೂ ಜಾಸ್ತಿ ದಿನ ಬದುಕುತ್ತವೆ. ಮಾವು, ಹಲಸು, ಕೋಕೋ, ರಬ್ಬರ್, ತೆಂಗು ಇದಕ್ಕೆ ಪೂರ್ತಿ ಉಲ್ಟಾ. ಒಣಗಿಸಿದರೆ ಸತ್ತೇ ಹೋಗುತ್ತವೆ. ಕಾಫಿ ಇವೆರಡರ ನಡುವೆ: ಸ್ವಲ್ಪ ಒಣಗನ್ನು ತಡೆಯುತ್ತದೆ, ಜಾಸ್ತಿ ಒಣಗನ್ನೂ ಚಳಿಯನ್ನೂ ತಡೆಯುವುದಿಲ್ಲ.

ಆಲೂಗಡ್ಡೆ, ಬಾಳೆ, ಕಬ್ಬು, ಮರಗೆಣಸಿನದು ಇನ್ನೊಂದು ಲೆಕ್ಕ. ಇವುಗಳ ಬೀಜದಿಂದ ಹುಟ್ಟಿದ ಗಿಡ ತಾಯಿಯ ಹಾಗೆ ಇರುವುದಿಲ್ಲ, ಬಾಳೆಯಲ್ಲಂತೂ ಬೀಜವೇ ಸಿಗುವುದು ಕಷ್ಟ. ಇಂಥ ಬೆಳೆಯನ್ನು ತೋಟದಲ್ಲೇ ಗಿಡವಾಗಿ ಉಳಿಸಬೇಕು, ಇಲ್ಲವೇ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಮಾಡಿ ಇಡಬೇಕು. ತಳಿಗಳ ಬೀಜ, ಕುಡಿಯನ್ನು ಕಾಪಿಡುವ ದೊಡ್ಡ ಜೀನ್ ಬ್ಯಾಂಕ್‌ಗಳು ಇವುಗಳ ಕುಡಿಯನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲೂ ಇಡುತ್ತವೆ. ಅದು ನಮ್ಮ ನಿಮ್ಮ ಕೈಲಾಗುವ ಕೆಲಸವಲ್ಲ ಬಿಡಿ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಒಣಗಿಸಬಹುದಾದ ಬೀಜಕ್ಕೆ ಮಾತ್ರ.

## ಹಂತ 2: ಹುಡುಕಿ, ಕೇಳಿ, ಆಮೇಲೆ ತನ್ನಿ

ಹೊಲಕ್ಕೆ ಹೋಗುವ ಮೊದಲು ಆ ತಳಿ ಈಗಾಗಲೇ ಯಾವುದಾದರೂ ಜೀನ್ ಬ್ಯಾಂಕಿನಲ್ಲಿ ಇದೆಯೇ ನೋಡಿ. ಜೆನೆಸಿಸ್ ಎಂಬ ಅಂತರ್ಜಾಲ ಪಟ್ಟಿಯಲ್ಲಿ ಹಲವು ದೇಶಗಳ ಬೀಜ ಸಂಗ್ರಹಗಳನ್ನು ಒಟ್ಟಿಗೆ ಹುಡುಕಬಹುದು. ಅಲ್ಲಿ ಇದ್ದರೆ ತರಿಸಿಕೊಳ್ಳುವುದೇ ಸುಲಭ. ಅದರ ಜೊತೆ ಹಳೆಯ ಮಾಹಿತಿಯೂ ಬರುತ್ತದೆ.

ಜೀನ್ ಬ್ಯಾಂಕಿನಿಂದ ಬೀಜ ಬರುವಾಗ ಸಾಮಾನ್ಯವಾಗಿ ಒಂದು ವರ್ಗಾವಣೆ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ. 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದದ ಪ್ರಕಾರ ಇದರ ನಮೂನೆ ಎಲ್ಲ ಕಡೆಯೂ ಒಂದೇ. ಸುಮ್ನೆ ಸಹಿ ಹಾಕಬೇಡಿ, ಓದಿ. ತಂದ ಬೀಜವನ್ನು ಏನಕ್ಕೆ ಬಳಸಬಹುದು, ಮುಂದೆ ಯಾರಿಗಾದರೂ ಕೊಟ್ಟರೆ ಏನು ಮಾಡಬೇಕು, ಅದರಿಂದ ಮಾಡಿದ ತಳಿ ಮಾರಿದರೆ ಏನು ಅಂತೆಲ್ಲ ಅದರಲ್ಲೇ ಇರುತ್ತದೆ. ರೈತರ ಹೊಲದಿಂದ ಅಥವಾ ಕಾಡಿನಿಂದ ತರುವುದಾದರೆ ಮೊದಲು ಒಪ್ಪಿಗೆ ಪಡೆಯಿರಿ. ಗಡಿ ದಾಟಿಸುವುದಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕದ್ದು ತಂದ ಚೀಲದಲ್ಲಿ ರೋಗವೂ ಬರಬಹುದು ಅನ್ನುವುದು ಹೆದರಿಸಲು ಹೇಳುವ ಮಾತಲ್ಲ.

## ಹಂತ 3: ಎಷ್ಟು ಗಿಡದಿಂದ, ಹೇಗೆ ಆರಿಸುವುದು

ಇಲ್ಲಿ ತಪ್ಪದವರು ಕಡಿಮೆ. ಹೊಲಕ್ಕೆ ಹೋದ ಕೂಡಲೇ ಕಣ್ಣು ದೊಡ್ಡ ತೆನೆಯ ಮೇಲೆ ಬೀಳುತ್ತದೆ, ಕೈಯೂ ಅಲ್ಲಿಗೇ ಹೋಗುತ್ತದೆ. ಚೆಂದದ ಐದಾರು ತೆನೆ ಮುರಿದುಕೊಂಡು ಬಂದರೆ ನೀವು ಆ ತಳಿಯನ್ನು ತರಲಿಲ್ಲ. ಆ ವರ್ಷ ಚೆನ್ನಾಗಿ ಗೊಬ್ಬರ ಸಿಕ್ಕ ಐದಾರು ಗಿಡವನ್ನು ತಂದಿರಿ ಅಷ್ಟೇ. ಬರ ತಡೆಯುವ, ರೋಗ ತಡೆಯುವ ಜೀನ್ ಮೂಲೆಯಲ್ಲಿ ಕುಳ್ಳಗೆ ನಿಂತ ಗಿಡದಲ್ಲಿ ಇದ್ದಿರಬಹುದು.

ನಿಯಮ ಸರಳ. ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಾದಿಡ್ಡಿ ನಡೆಯಿರಿ. ಇಂತಿಷ್ಟು ಹೆಜ್ಜೆಗೆ ಒಂದು ಅಂತ ಲೆಕ್ಕ ಇಟ್ಟುಕೊಂಡು, ಕಾಲಿನ ಹತ್ತಿರ ಯಾವ ಗಿಡ ಸಿಗುತ್ತದೋ ಅದರಿಂದಲೇ ತೆಗೆಯಿರಿ. 50ರಿಂದ 60 ಗಿಡ ಸಾಕು. ಈ ಸಂಖ್ಯೆ ಎಲ್ಲಿಂದ ಬಂತು ಅಂದರೆ: ಒಂದು ಜೀನಿನ ರೂಪ ಆ ಹೊಲದಲ್ಲಿ ನೂರಕ್ಕೆ ಐದರಷ್ಟಿದೆ ಅಂದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ 59 ಮಾದರಿ ತೆಗೆದರೆ, ಅದರಲ್ಲಿ ಒಂದರಲ್ಲಾದರೂ ಆ ಜೀನ್ ಸಿಗುವ ಸಾಧ್ಯತೆ ಶೇ 95. ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಭತ್ತ, ಗೋಧಿಯಂಥ ಬೆಳೆಗೆ ಇದು ಸುಮಾರು 59 ಗಿಡ. ಬೇರೆ ಗಿಡದ ಪರಾಗ ಬೇಕಾಗುವ ಮೆಕ್ಕೆಜೋಳ, ಸಜ್ಜೆಯಂಥ ಬೆಳೆಯಲ್ಲಿ ಒಂದೊಂದು ಗಿಡದಲ್ಲೂ ಆ ಜೀನಿನ ಬೇರೆ ಬೇರೆ ಎರಡು ಪ್ರತಿ, ಅಂದರೆ ಎರಡು ಮಾದರಿ ಇರುವುದರಿಂದ 30 ಗಿಡದಲ್ಲೂ ಇಷ್ಟು ಸಿಗುತ್ತದೆ. ಆದರೂ 50ರ ಕೆಳಗೆ ಇಳಿಯಬೇಡಿ ಅನ್ನುತ್ತೇನೆ, ಯಾಕೆಂದರೆ ಕೆಲವು ತೆನೆ ಜೊಳ್ಳು ಇರುತ್ತವೆ.

ಕಾಡು ಗಿಡಗಳಿಂದ ತೆಗೆಯುವಾಗ ಆ ದಿನ ಅಲ್ಲಿ ಬಲಿತಿರುವ ಬೀಜದಲ್ಲಿ ಶೇ 20ಕ್ಕಿಂತ ಜಾಸ್ತಿ ತೆಗೆಯಬೇಡಿ. ಉಳಿದದ್ದು ಅಲ್ಲೇ ಹುಟ್ಟಬೇಕು.

ನಂಬರ್ ಹಾಕುವ ಕೆಲಸ ಹೊಲದಲ್ಲೇ ಆಗಬೇಕು, ಮನೆಗೆ ಬಂದ ಮೇಲೆ ಅಲ್ಲ. ಚೀಲದ ಒಳಗೊಂದು ಚೀಟಿ, ಹೊರಗೊಂದು ಚೀಟಿ, ಎರಡರಲ್ಲೂ ಅದೇ ನಂಬರ್. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಇಂಕು ತೇವಕ್ಕೆ ಹರಡುತ್ತದೆ, ಮಾರ್ಕರ್ ಬಿಸಿಲಿಗೆ ಮಾಸುತ್ತದೆ. ರಿಜಿಸ್ಟರ್‌ನಲ್ಲಿ ಅದೇ ನಂಬರಿನ ಎದುರು ದಿನಾಂಕ, ಜಿಪಿಎಸ್, ಸಮುದ್ರಮಟ್ಟದಿಂದ ಎತ್ತರ, ಮಣ್ಣು, ಬಿತ್ತುವ ಕಾಲ, ಎಷ್ಟು ಗಿಡದಿಂದ ತೆಗೆದಿರಿ, ಬೆಳೆಗಾರರು ಕರೆಯುವ ಹೆಸರು. ಅವರು ಆ ತಳಿಯನ್ನು ಇನ್ನೂ ಯಾಕೆ ಬಿಟ್ಟಿಲ್ಲ ಅಂತ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. "ನೀರು ನಿಂತರೂ ಕೊಳೆಯಲ್ಲ" ಅನ್ನುವ ಒಂದು ಸಾಲು ಮುಂದೆ ನಿಮ್ಮ ಎರಡು ವರ್ಷದ ಪರೀಕ್ಷೆ ಉಳಿಸಬಹುದು.

## ಹಂತ 4: ಒಣಗಿಸುವುದು

ಬೀಜ ಸಾಯುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಬೀಜದ ಆಯಸ್ಸಿಗೆ ಒಂದು ಹಳೆಯ ಲೆಕ್ಕವಿದೆ. ತೇವಾಂಶ ಶೇ 1ರಷ್ಟು ಇಳಿದರೆ ಆಯಸ್ಸು ದುಪ್ಪಟ್ಟು. ಉಷ್ಣಾಂಶ 5 ಡಿಗ್ರಿ ಇಳಿದರೆ ಇನ್ನೊಂದು ದುಪ್ಪಟ್ಟು. ತೇವಾಂಶ ಸುಮಾರು ಶೇ 5ರಿಂದ 14ರ ನಡುವೆ ಇರುವಾಗ ಈ ಅಂದಾಜು ಹೊಂದುತ್ತದೆ. ಅಂದರೆ ಶೇ 12 ತೇವಾಂಶದ ಬೀಜವನ್ನು 7ಕ್ಕೆ ತಂದರೆ ಆಯಸ್ಸು 32 ಪಟ್ಟು. ಫ್ರಿಜ್ ಒಂದರಿಂದಲೇ ಅಷ್ಟು ಸಿಗಬೇಕಾದರೆ 25 ಡಿಗ್ರಿ ತಣ್ಣಗಾಗಬೇಕು. ಯಾವುದನ್ನು ಮೊದಲು ಮಾಡಬೇಕು ಅಂತ ಈಗ ಹೇಳಬೇಕಿಲ್ಲ, ಅಲ್ವಾ?

ಮೊದಲು ಶುಚಿ ಮಾಡಿ. ಹೊಟ್ಟು, ಮುರುಕು, ಹುಳು ಕೊರೆದ ಕಾಳು, ಬೇರೆ ಬೆಳೆಯ ಬೀಜ ತೆಗೆಯಿರಿ. ಆದರೆ ಬಣ್ಣ ಬೇರೆ, ಗಾತ್ರ ಬೇರೆ ಅಂತ ಒಳ್ಳೆಯ ಕಾಳನ್ನು ಎಸೆಯಬೇಡಿ. ಹಳೆಯ ತಳಿ ಅಂದರೆ ಆ ಬೆರಕೆಯೇ.

ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ತೆಳ್ಳಗೆ ಹರಡಿ ಕೆಲವು ದಿನ ಬಿಡಿ. ಹಸಿ ಬೀಜವನ್ನು ಕಾದ ತಗಡಿನ ಮೇಲೋ ಸಿಮೆಂಟ್ ನೆಲದ ಮೇಲೋ ಬಿಸಿಲಿಗೆ ಹಾಕಬೇಡಿ. ಒಳಗೆ ತೇವ ಇರುವಾಗ ಬಿಸಿ ತಗುಲಿದರೆ ಭ್ರೂಣ ಬೆಂದ ಹಾಗಾಗುತ್ತದೆ. ಹೊರಗೆ ನೋಡಲು ಏನೂ ಗೊತ್ತಾಗುವುದಿಲ್ಲ.

ನೆರಳಲ್ಲಿ ಒಣಗಿದ ಬೀಜ ಸುತ್ತಲಿನ ಗಾಳಿಯಷ್ಟೇ ಒಣಗಿರುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅಲ್ಲಿಂದ ಮುಂದಕ್ಕೆ ಸಿಲಿಕಾ ಜೆಲ್ ಬೇಕು. ಬೀಜವನ್ನು ಬಟ್ಟೆ ಅಥವಾ ಕಾಗದದ ಚೀಲದಲ್ಲಿ ತುಂಬಿ, ಬೀಜದ ತೂಕದಷ್ಟೇ ಸಿಲಿಕಾ ಜೆಲ್ ಜೊತೆ ದೊಡ್ಡ ಜಾಡಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಹರಳಿನ ಬಣ್ಣ ಬದಲಾದರೆ ಹೊಸದು ಹಾಕಿ. ಹಳೆಯದನ್ನು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ. ಸಣ್ಣ ಬೀಜಕ್ಕೆ ಒಂದು ವಾರ ಸಾಕಾಗಬಹುದು, ದಪ್ಪ ಕಾಳಿಗೆ ಎರಡು ಮೂರು ವಾರ ಬೇಕು.

ಒಣಗಿತೇ ಅಂತ ನೋಡುವುದು ಎರಡು ಥರ. ಮೊದಲನೆಯದು ತೂಕ. ಶೇ 14 ತೇವಾಂಶದ 500 ಗ್ರಾಂ ಬೀಜ ಶೇ 6ಕ್ಕೆ ಬರಬೇಕು ಅಂದುಕೊಳ್ಳಿ. 500ನ್ನು 86ರಿಂದ ಗುಣಿಸಿ 94ರಿಂದ ಭಾಗಿಸಿ: 457 ಗ್ರಾಂ. ತಕ್ಕಡಿ ಆ ಅಂಕಿ ತೋರಿಸುವವರೆಗೆ ಒಣಗಿಸಿ. ಇದಕ್ಕೆ ಶುರುವಿನ ತೇವಾಂಶ ಗೊತ್ತಿರಬೇಕು.

ಎರಡನೆಯದು ನನಗೆ ಇಷ್ಟವಾದದ್ದು. ಜಾಡಿಯ ಮುಕ್ಕಾಲು ಪಾಲು ಬೀಜ ತುಂಬಿ (ಈಗ ಸಿಲಿಕಾ ಬೇಡ), ಹೈಗ್ರೋಮೀಟರ್ ಒಳಗಿಟ್ಟು ಮುಚ್ಚಿ. ಒಂದು ಪೂರ್ತಿ ದಿನ ಮುಟ್ಟಬೇಡಿ. ಬೀಜದ ತೇವಕ್ಕೆ ತಕ್ಕ ಹಾಗೆ ಒಳಗಿನ ಗಾಳಿ ನಿಲ್ಲುತ್ತದೆ, ಮೀಟರ್ ಅದನ್ನು ತೋರಿಸುತ್ತದೆ. ಶೇ 20ರ ಆಸುಪಾಸು ಬಂದರೆ ದೀರ್ಘಕಾಲ ಇಡಲು ತಯಾರು. 40ರ ಮೇಲಿದ್ದರೆ ಇನ್ನೂ ಒಣಗಬೇಕು. 65 ದಾಟಿದ್ದರೆ ಬೂಷ್ಟು ಬರುವುದು ಖಚಿತ ಅಂದುಕೊಳ್ಳಿ. ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಕಾಳಿನಲ್ಲಿ ತೇವಾಂಶದ ಶೇಕಡಾ ಅಂಕಿ ಮೋಸ ಮಾಡುತ್ತದೆ. ಶೇ 8 ಅಂದರೆ ಭತ್ತಕ್ಕೆ ಒಣಗು, ಶೇಂಗಾಕ್ಕೆ ಹಸಿ. ಮೀಟರ್ ಈ ಗೊಂದಲಕ್ಕೆ ಬೀಳುವುದಿಲ್ಲ.

ಮೀಟರ್ ಇಲ್ಲವೇ? ಚೆನ್ನಾಗಿ ಒಣಗಿಸಿದ ಪುಡಿ ಉಪ್ಪನ್ನು ಬೀಜದ ಜೊತೆ ಒಣ ಬಾಟಲಿಗೆ ಹಾಕಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಹಸಿ. ಅಂಟದಿದ್ದರೆ ಸಿಲಿಕಾಕ್ಕೆ ಹಾಕುವಷ್ಟು ಒಣಗಿದೆ ಅಂತ ಮಾತ್ರ ಅರ್ಥ, ಫ್ರೀಜರ್‌ಗೆ ಹಾಕಬಹುದು ಅಂತಲ್ಲ. ಈ ಪರೀಕ್ಷೆಗೆ ಒಂದು ಹಿಡಿ ಬೀಜ ಬೇರೆ ತೆಗೆದಿಟ್ಟುಕೊಳ್ಳಿ.

## ಹಂತ 5: ಕಟ್ಟುವುದು, ತಣ್ಣಗಿಡುವುದು

ಪ್ಲಾಸ್ಟಿಕ್ ಕವರ್ ನಂಬಬೇಡಿ. ನೀರು ಸೋರದಿದ್ದರೂ ನೀರಿನ ಆವಿ ಅದರ ಮೂಲಕ ನಿಧಾನವಾಗಿ ಒಳಗೆ ಹೋಗುತ್ತದೆ. ಫ್ರಿಜ್ ಒಳಗಿನ ಗಾಳಿಯಲ್ಲೂ ತೇವ ಇರುತ್ತದೆ. ಆರು ತಿಂಗಳಲ್ಲಿ ನೀವು ಕಷ್ಟಪಟ್ಟು ಒಣಗಿಸಿದ್ದೆಲ್ಲ ವಾಪಸ್. ಅಲ್ಯೂಮಿನಿಯಂ ಪದರದ ಪ್ಯಾಕೆಟ್ ಅಥವಾ ರಬ್ಬರ್ ಉಂಗುರದ ಗಾಜಿನ ಜಾಡಿಯೇ ಆಗಬೇಕು. ಚೂಪು ತುದಿಯ ಬೀಜ ಪ್ಯಾಕೆಟ್‌ಗೆ ಸಣ್ಣ ತೂತು ಮಾಡುತ್ತದೆ, ಅಂಥದ್ದನ್ನು ಮೊದಲು ಕಾಗದದಲ್ಲಿ ಸುತ್ತಿ.

ಜೀನ್ ಬ್ಯಾಂಕ್‌ಗಳು ದೀರ್ಘಕಾಲದ ಸಂಗ್ರಹವನ್ನು ಮೈನಸ್ 18 ಡಿಗ್ರಿಯಲ್ಲಿ ಇಡುತ್ತವೆ. ಮನೆಯ ಡೀಪ್ ಫ್ರೀಜರ್ ಕೂಡ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಆಗಾಗ ತೆಗೆದು ಬಳಸುವ ಬೀಜಕ್ಕೆ ಫ್ರಿಜ್‌ನ 5 ಡಿಗ್ರಿ ಸಾಕು. ಸರಿಯಾಗಿ ಒಣಗದ ಬೀಜವನ್ನು ಮಾತ್ರ ಡೀಪ್ ಫ್ರೀಜರ್‌ಗೆ ಹಾಕಬೇಡಿ. ಒಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶ ಒಡೆಯುತ್ತದೆ. ಒಣಗಿದ ಬೇಳೆಕಾಳಿಗೆ ಫ್ರೀಜರ್‌ನಿಂದ ಇನ್ನೊಂದು ಲಾಭವಿದೆ: ಒಂದು ವಾರ ಇಟ್ಟರೆ ಕಾಳಿನೊಳಗೆ ಅಡಗಿದ ಹುಳು, ಮೊಟ್ಟೆ ಸಾಯುತ್ತವೆ.

ಒಂದೇ ದೊಡ್ಡ ಜಾಡಿಯಲ್ಲಿ ಎಲ್ಲವನ್ನೂ ತುಂಬಬೇಡಿ. ಒಂದು ಬಿತ್ತನೆಗೆ ಬೇಕಾಗುವಷ್ಟು ಅಂತ ಚಿಕ್ಕ ಚಿಕ್ಕ ಪ್ಯಾಕೆಟ್ ಮಾಡಿ.

ಇದನ್ನು ನಾನು ಕಲಿತದ್ದು ಬೀಜ ಕಳೆದುಕೊಂಡೇ. ಮಳೆಗಾಲದಲ್ಲಿ ಒಂದು ದಿನ ಫ್ರೀಜರ್‌ನಿಂದ ಜಾಡಿ ತೆಗೆದವನು ಅಲ್ಲೇ ನಿಂತು ಮುಚ್ಚಳ ತಿರುಗಿಸಿದೆ. ಬೇಕಾದದ್ದು ಇಪ್ಪತ್ತು ಕಾಳು. ಜಾಡಿಯ ಒಳಗೋಡೆ ಕ್ಷಣದಲ್ಲಿ ಬೆವರಿತು, ಕಾಳಿನ ಮೇಲೂ ಮಂಜಿನ ಪೊರೆ. ಒರೆಸಿ, ಮುಚ್ಚಿ, ಮತ್ತೆ ಒಳಗಿಟ್ಟೆ. ಹೀಗೆ ಆ ವರ್ಷ ನಾಲ್ಕೈದು ಸಲ. ಮರುವರ್ಷ ಆ ಜಾಡಿಯ ಬೀಜದಲ್ಲಿ ಅರ್ಧವೂ ಮೊಳೆಯಲಿಲ್ಲ. ತೆರೆಯದೆ ಪಕ್ಕದಲ್ಲೇ ಇದ್ದ ಅದೇ ತಳಿಯ ಇನ್ನೊಂದು ಜಾಡಿ ಸರಿಯಾಗಿಯೇ ಇತ್ತು. ಈಗ ಸಂಜೆ ಹೊರಗೆ ತೆಗೆದಿಡುತ್ತೇನೆ, ಬೆಳಿಗ್ಗೆ ತೆರೆಯುತ್ತೇನೆ. ಜಾಡಿ ಕೋಣೆಯಷ್ಟೇ ಬೆಚ್ಚಗಾಗುವವರೆಗೆ ಮುಚ್ಚಳ ಮುಟ್ಟಬಾರದು.

ಕೊನೆಗೆ, ಅರ್ಧ ಪಾಲನ್ನು ಬೇರೆ ಊರಿನಲ್ಲಿ, ಬೇರೆಯವರ ಕೈಲಿ ಇಡಿ. ದೊಡ್ಡ ಸಂಸ್ಥೆಗಳಿಗೇ ಇದು ಬೇಕಾಗಿದೆ. ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕಾರ್ಡಾದ, ಸಿರಿಯಾದ ಅಲೆಪ್ಪೊ ಬಳಿ ಇದ್ದ ಜೀನ್ ಬ್ಯಾಂಕ್ ಯುದ್ಧದಿಂದ ಕೈತಪ್ಪಿದಾಗ, ಅವರು ನಾರ್ವೆಯ ಸ್ವಾಲ್‌ಬಾರ್ಡ್ ಬೀಜ ಕೋಠಿಯಲ್ಲಿ ಮೊದಲೇ ಇಟ್ಟಿದ್ದ ಪ್ರತಿಗಳನ್ನು 2015ರಲ್ಲಿ ವಾಪಸ್ ಪಡೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಮತ್ತೆ ಬೆಳೆಸಿದರು.

## ಹಂತ 6: ಮೊಳಕೆ ಪರೀಕ್ಷೆ

ಇಡುವ ಮೊದಲೇ ಒಂದು ಪರೀಕ್ಷೆ ಮಾಡಿ, ಅಂಕಿ ಬರೆದಿಡಿ. ಅದಿಲ್ಲದಿದ್ದರೆ ಮುಂದೆ ಇಳಿದಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಬೀಜ ಜಾಸ್ತಿ ಇದ್ದರೆ 200 ಕಾಳು, ಕಡಿಮೆ ಇದ್ದರೆ 50. ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆಟ್ಟಗೆ ನಿಲ್ಲಿಸಿ. ಬೇರು ಮತ್ತು ಚಿಗುರು ಎರಡೂ ಸರಿಯಾಗಿ ಬಂದವನ್ನು ಮಾತ್ರ ಎಣಿಸಿ. ಬರೀ ಬೇರು ಇಣುಕಿದ್ದು ಲೆಕ್ಕಕ್ಕಿಲ್ಲ.

ತುಂಬಾ ಒಣಗಿದ ಬೀನ್ಸ್, ಸೋಯಾಬೀನ್ ಥರದ ಕಾಳನ್ನು ನೇರ ನೀರಿಗೆ ಹಾಕಿದರೆ ಒಮ್ಮೆಲೇ ನೀರು ಕುಡಿದು ಬಿರಿಯುತ್ತವೆ. ಒಂದು ದಿನ ಒದ್ದೆ ಗಾಳಿಯ ಡಬ್ಬಿಯಲ್ಲಿ, ನೀರಿಗೆ ತಾಗದ ಹಾಗೆ ಇಟ್ಟು ಆಮೇಲೆ ಪರೀಕ್ಷೆಗೆ ಹಾಕಿ. ಮೊಳೆಯದೆ ಗಟ್ಟಿಯಾಗಿಯೇ ಉಳಿದ ಕಾಳು ಸತ್ತಿದೆ ಅಂತ ತೀರ್ಮಾನಿಸಬೇಡಿ, ನಿದ್ದೆಯಲ್ಲಿರಬಹುದು. ಸಿಪ್ಪೆಯನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ ಮತ್ತೆ ನೋಡಿ. ಮೆತ್ತಗಾಗಿ ಬೂಷ್ಟು ಹಿಡಿದದ್ದು ಮಾತ್ರ ಸತ್ತದ್ದು.

ಮನೆಯ ಫ್ರಿಜ್‌ನಲ್ಲಿಟ್ಟ ಬೀಜವನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿ. ಈರುಳ್ಳಿ, ಸೋಯಾಬೀನ್, ಶೇಂಗಾ ಬೇಗ ಸೊರಗುತ್ತವೆ, ಅವಕ್ಕೆ ವರ್ಷವರ್ಷವೂ ಬೇಕು. ಮೊದಲ ಅಂಕಿಯ ಶೇ 85ಕ್ಕಿಂತ ಕೆಳಗೆ ಬಂದರೆ ಮತ್ತೆ ಬೆಳೆಸುವ ಕಾಲ ಬಂತು. ಶುರುವಿನಲ್ಲಿ 96 ಇದ್ದರೆ, 82ಕ್ಕಿಂತ ಇಳಿದ ದಿನ ಎಚ್ಚರವಾಗಿ. ಇನ್ನೂ 80 ಇದೆಯಲ್ಲ ಅಂತ ಸುಮ್ಮನಿದ್ದರೆ ಕಷ್ಟ. ಬೀಜ ಒಂದೇ ಸಮನೆ ಇಳಿಯುವುದಿಲ್ಲ. ಬಹಳ ದಿನ ನಿಂತಲ್ಲೇ ನಿಂತು, ಆಮೇಲೆ ದಡದಡನೆ ಕುಸಿಯುತ್ತದೆ.

## ಹಂತ 7: ಮತ್ತೆ ಬೆಳೆಸಿ ಬೀಜ ಹೊಸದು ಮಾಡುವುದು

ತಳಿ ಕಲಬೆರಕೆ ಆಗುವುದು ಇಲ್ಲಿ. ಬೆಳೆಯ ಸ್ವಭಾವ ನೋಡಿ ಅಂತರ ಬಿಡಿ. ಭತ್ತ, ಗೋಧಿ, ಬಟಾಣಿಗೆ ಕೆಲವು ಮೀಟರ್ ಸಾಕು. ಮೆಕ್ಕೆಜೋಳಕ್ಕೆ 200 ಮೀಟರ್ ಕೂಡ ಕಡಿಮೆಯೇ. ಜೇನು ಹಾರಿ ಬರುವ ಸೂರ್ಯಕಾಂತಿ, ಸಾಸಿವೆ, ಸೌತೆಗೆ ಇನ್ನೂ ಜಾಸ್ತಿ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಹೂವಿಗೆ ಚೀಲ ಕಟ್ಟಿ ಕೈಯಿಂದ ಪರಾಗಸ್ಪರ್ಶ ಮಾಡಿ, ಅಥವಾ ಹೂ ಬಿಡುವ ಕಾಲ ಹೊಂದದ ಹಾಗೆ ಬಿತ್ತನೆ ಮುಂದೆ ಹಾಕಿ. ತೊಗರಿ, ಹತ್ತಿ ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟುತ್ತವೆ ಅಂತ ನಂಬಿ ಕೆಟ್ಟವರಿದ್ದಾರೆ. ಅವುಗಳ ಹೂವಿಗೂ ಜೇನು ಬರುತ್ತದೆ.

ಐವತ್ತಕ್ಕಿಂತ ಕಡಿಮೆ ಗಿಡ ಬೆಳೆಸಬೇಡಿ. ಪರಾಗ ಬೇರೆ ಗಿಡದಿಂದ ಬರಬೇಕಾದ ಬೆಳೆಯಾದರೆ ನೂರು ಗಿಡ. ಕೊಯ್ಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಒಕ್ಕಬೇಡಿ. ಪ್ರತಿ ಗಿಡದಿಂದಲೂ ಸಮನಾಗಿ, ಉದಾಹರಣೆಗೆ ಒಂದೊಂದರಿಂದ 50 ಕಾಳಿನಂತೆ ತೆಗೆದು ಸೇರಿಸಿ. ಒಟ್ಟಿಗೆ ರಾಶಿ ಮಾಡಿದರೆ ಜಾಸ್ತಿ ಕಾಳು ಬಿಟ್ಟ ಹತ್ತು ಗಿಡಗಳೇ ಮುಂದಿನ ಪೀಳಿಗೆಯನ್ನು ತುಂಬಿಬಿಡುತ್ತವೆ.

ಮೊದಲು ತಂದ ಬೀಜದಲ್ಲಿ ಒಂದು ಹಿಡಿಯನ್ನು ಮುಟ್ಟದೆ ಹಾಗೇ ಇಟ್ಟಿರಿ, ಸತ್ತರೂ ಪರವಾಗಿಲ್ಲ. ಹೊಸ ಬೀಜವನ್ನು ಅದರ ಪಕ್ಕ ಇಟ್ಟು ನೋಡಲು ಬೇಕು. ಬೆರಕೆ ಬಣ್ಣದ ತಳಿ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಒಂದೇ ಬಣ್ಣಕ್ಕೆ ತಿರುಗುತ್ತಿದ್ದರೆ ನೀವು ಏನನ್ನೋ ಕಳೆದುಕೊಳ್ಳುತ್ತಿದ್ದೀರಿ. ಹಿಂದೆ ಇರದ ಬಣ್ಣ ಕಾಣಿಸಿದರೆ ಏನೋ ಒಳಗೆ ಬಂದಿದೆ. ಎರಡೂ ಅಪಾಯದ ಸೂಚನೆಯೇ.

## ಹಂತ 8: ಯಾವ ತಳಿಯಲ್ಲಿ ಏನಿದೆ ಅಂತ ತಿಳಿಯುವುದು

ನೂರು ಜಾಡಿ ಇಟ್ಟುಕೊಂಡು ಯಾವುದರಲ್ಲಿ ಏನಿದೆ ಗೊತ್ತಿಲ್ಲದವರೇ ಜಾಸ್ತಿ. ಬೆಳೆಸುವಾಗಲೇ ಬರೆದುಕೊಳ್ಳಿ. ಹೂವಿನ ಬಣ್ಣ, ಕಾಳಿನ ಆಕಾರ, ಮೀಸೆ ಇದೆಯೋ ಇಲ್ಲವೋ, ಇಂಥವು ಎಲ್ಲಿ ಬೆಳೆದರೂ ಬದಲಾಗುವುದಿಲ್ಲ. ಒಂದು ಸಲ ನೋಡಿದರೆ ಸಾಕು. ಇಳುವರಿ, ಎತ್ತರ, ಬರ ತಡೆಯುವ ಶಕ್ತಿ ಮಣ್ಣು, ಮಳೆಗೆ ತಕ್ಕ ಹಾಗೆ ಬದಲಾಗುತ್ತವೆ. ಅದಕ್ಕೆ ಒಂದಕ್ಕಿಂತ ಹೆಚ್ಚು ಜಾಗ, ಒಂದಕ್ಕಿಂತ ಹೆಚ್ಚು ಹಂಗಾಮು ಬೇಕು. ಬೀಜ ಕಡಿಮೆ ಇದ್ದರೆ ಪ್ರತಿ ಹತ್ತು ಮಡಿಗೆ ಒಂದು ಮಡಿಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ತಳಿ ಹಾಕಿ, ಅದಕ್ಕೆ ಹೋಲಿಸಿ ಅಂಕ ಕೊಡಿ. ಹಾಗೆ ಮಾಡದಿದ್ದರೆ ನೀವು ಅಳೆಯುವುದು ತಳಿಯನ್ನಲ್ಲ, ಮಣ್ಣನ್ನು.

ಸಂಗ್ರಹ ದೊಡ್ಡದಾಗಿದ್ದರೆ ಎಲ್ಲವನ್ನೂ ಬೆಳೆಸಲು ಹೋಗಬೇಡಿ. ಇಡೀ ಸಂಗ್ರಹದ ವೈವಿಧ್ಯ ಹಿಡಿದಿಡುವ ಸುಮಾರು ಶೇ 10ರಷ್ಟನ್ನು ಆರಿಸಿ ಮೊದಲು ಅದನ್ನು ನೋಡುವುದು ವಾಡಿಕೆ. ಇದಕ್ಕೆ ಕೋರ್ ಸಂಗ್ರಹ ಅನ್ನುತ್ತಾರೆ. ಬರ ತಡೆಯುವ ಗುಣ ಬೇಕಿದ್ದರೆ ರಿಜಿಸ್ಟರ್ ತೆಗೆದು, ಕಡಿಮೆ ಮಳೆಯ ಜಾಗದಿಂದ ಬಂದವನ್ನು ಮೊದಲು ಆರಿಸಿ. ಹಂತ 3ರಲ್ಲಿ ಜಿಪಿಎಸ್ ಬರೆಯಿರಿ ಅಂದದ್ದು ಇದಕ್ಕೇ.

ಅಪರೂಪದ ಗುಣ ಮಾತ್ರ ಹೀಗೆ ಸುಲಭಕ್ಕೆ ಸಿಗುವುದಿಲ್ಲ. ಭತ್ತದ ಗ್ರಾಸಿ ಸ್ಟಂಟ್ ನಂಜುರೋಗಕ್ಕೆ ನಿರೋಧ ಹುಡುಕಿದಾಗ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಬೇಕಾಯಿತು. ಅದು ಸಿಕ್ಕಿದ್ದು ಒರೈಜಾ ನಿವಾರಾ ಎಂಬ ಕಾಡು ಭತ್ತದ ಒಂದೇ ಒಂದು ಮಾದರಿಯಲ್ಲಿ.

## ಹಂತ 9: ಕ್ರಾಸ್ ಮಾಡುವುದು

ಒಂದು ಕಡೆ ನಿಮ್ಮ ಜಾಗಕ್ಕೆ ಒಗ್ಗಿದ ತಳಿ, ಇನ್ನೊಂದು ಕಡೆ ಬೇಕಾದ ಒಂದು ಗುಣ ಇರುವ ತಳಿ. ಗುಣ ಒಂದೇ ಇರಲಿ. ಮೊದಲ ಸಲವೇ ಬರ, ರೋಗ, ರುಚಿ, ಎಲ್ಲ ಬೇಕು ಅಂತ ಹೊರಟರೆ ಯಾವುದೂ ಸಿಗುವುದಿಲ್ಲ.

ಕೈ ಪಳಗಿಸಲು ಟೊಮೆಟೊ ಒಳ್ಳೆಯದು. ನಾಳೆ ಅರಳುವ ಮೊಗ್ಗು ಹುಡುಕಿ. ಬುಡದ ಹಸಿರು ಎಸಳು ಬಿಡಿಸಿಕೊಳ್ಳುತ್ತಿರಬೇಕು, ಒಳಗಿನ ಎಸಳು ಇನ್ನೂ ತೆಳು ಹಳದಿ ಇರಬೇಕು. ಗಾಢ ಹಳದಿಯಾಗಿ ಬಿಚ್ಚಿಕೊಂಡಿದ್ದರೆ ತಡವಾಯಿತು, ಅದು ತನ್ನ ಪರಾಗ ತಾನೇ ಸುರಿದುಕೊಂಡಿದೆ. ಚಿಮಟವನ್ನು ಸ್ಪಿರಿಟ್‌ನಲ್ಲಿ ಒರೆಸಿ. ನಡುವಿನ ಹಳದಿ ಕೊಳವೆಯ ಬದಿಗೆ ತುದಿ ತೂರಿಸಿ, ಮೆಲ್ಲಗೆ ಸೀಳಿ, ಎಳೆದು ತೆಗೆಯಿರಿ. ಒಳಗೆ ಹಸಿರು ಕಡ್ಡಿಯೊಂದು ಒಂಟಿಯಾಗಿ ನಿಲ್ಲುತ್ತದೆ. ಅದರ ತುದಿಯೇ ಪರಾಗ ಹಿಡಿಯುವ ಜಾಗ. ಅದು ಬಾಗಿದರೆ ಅಥವಾ ಬುಡದಲ್ಲಿ ಗೀರು ಬಿದ್ದರೆ ಆ ಮೊಗ್ಗು ಬಿಟ್ಟುಬಿಡಿ.

ತಂದೆ ಗಿಡದ ಪೂರ್ತಿ ಅರಳಿದ ಹೂವನ್ನು ಗಾಜಿನ ಚೂರಿನ ಮೇಲೆ ತಟ್ಟಿದರೆ ಬಿಳಿ ಹಿಟ್ಟಿನಂಥ ಪರಾಗ ಉದುರುತ್ತದೆ. ಆ ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ. ಚೀಟಿ ಕಟ್ಟಿ: ತಾಯಿಯ ನಂಬರ್ ಮೊದಲು, ಗುಣಾಕಾರ ಚಿಹ್ನೆ, ತಂದೆಯ ನಂಬರ್, ದಿನಾಂಕ. ಜೊತೆಗೆ ಬುಡದ ಹಸಿರು ಎಸಳಿನಲ್ಲಿ ಎರಡನ್ನು ಕತ್ತರಿಸಿಬಿಡಿ. ಗಾಳಿಗೆ ಚೀಟಿ ಬಿದ್ದರೂ ಹಣ್ಣಾದಾಗ ಮೊಂಡು ಎಸಳು ನೋಡಿ ಇದು ಕ್ರಾಸ್ ಹಣ್ಣು ಅಂತ ಗೊತ್ತಾಗುತ್ತದೆ.

ಈಗ ಆಗಲೇ ಹೇಳಿದ ಆ ದೊಡ್ಡ ತಪ್ಪು: ಕ್ರಾಸ್ ಆಗದೇ ಇರುವುದು. ಇದನ್ನು ಮೊಳಕೆಯಲ್ಲೇ ಹಿಡಿಯಬಹುದು. ಕಾಂಡ ಹಸಿರಾಗಿಯೇ ಇರುವ ತಳಿಯನ್ನು ತಾಯಿ ಮಾಡಿ, ನೇರಳೆ ಕಾಂಡದ್ದನ್ನು ತಂದೆ ಮಾಡಿ. ನೇರಳೆ ಬಣ್ಣ ಪ್ರಬಲ ಗುಣ, ಅಂದರೆ ತಾಯಿ ತಂದೆಯಲ್ಲಿ ಒಬ್ಬರಿಂದ ಬಂದರೂ ಕಾಣಿಸುತ್ತದೆ. ಆ ಬೀಜದಿಂದ ಬಂದ ಸಸಿಯ ಕಾಂಡ ನೇರಳೆಯಾದರೆ ಕ್ರಾಸ್ ಆಗಿದೆ. ಹಸಿರಾದರೆ ತಾಯಿ ತನ್ನ ಪರಾಗದಲ್ಲೇ ಕಾಯಿ ಕಟ್ಟಿದೆ, ಕಿತ್ತೆಸೆಯಿರಿ. ಯಾವ ಬೆಳೆಯಾದರೂ ಇಂಥ ಒಂದು ಗುರುತು ಹುಡುಕಿಕೊಂಡೇ ತಾಯಿ ಯಾವುದು ಅಂತ ನಿರ್ಧರಿಸಿ.

## ಹಂತ 10: ಮುಂದಿನ ಪೀಳಿಗೆಗಳು

ಮೊದಲ ಪೀಳಿಗೆ ಎಲ್ಲ ಒಂದೇ ಥರ ಇರುತ್ತದೆ, ಅದರಲ್ಲಿ ಆರಿಸಲು ಏನೂ ಇಲ್ಲ. ಎರಡನೇ ಪೀಳಿಗೆಯಲ್ಲಿ ಗುಣಗಳು ಬಿಡಿಬಿಡಿಯಾಗುತ್ತವೆ. ಅಲ್ಲಿ ಗಿಡದ ಸಂಖ್ಯೆ ಜಾಸ್ತಿ ಬೇಕು. ಒಂದು ಅಪ್ರಬಲ ಜೀನ್ (ಇಬ್ಬರಿಂದಲೂ ಬಂದರೆ ಮಾತ್ರ ಗುಣ ಕಾಣಿಸುವಂಥದ್ದು) ಜೋಡಿಯಾಗಿ ಬರುವುದು ನಾಲ್ಕಕ್ಕೆ ಒಂದು ಗಿಡದಲ್ಲಿ. ಶೇ 95 ಖಾತ್ರಿ ಬೇಕಿದ್ದರೆ 11 ಗಿಡ ಬೇಕು. ಅಂಥ ಎರಡು ಜೀನ್ ಒಟ್ಟಿಗೆ ಬೇಕಾದರೆ 47. ಮೂರಾದರೆ 191. ಇಪ್ಪತ್ತು ಗಿಡ ಹಾಕಿ "ಏನೂ ಸಿಗಲಿಲ್ಲ" ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಗುಣ ಕೊಡುವ ದಾನಿ ತಳಿ ಕಾಡು ಗಿಡವೋ ತೀರಾ ಹಳೆಯದೋ ಆಗಿದ್ದರೆ ಬೇಕಾದ ಗುಣದ ಜೊತೆ ಬೇಡದ್ದೂ ಅಂಟಿಕೊಂಡು ಬರುತ್ತದೆ: ಉದುರುವ ಕಾಳು, ಕಹಿ, ತಡವಾದ ಹೂವು. ಆಗ ಒಗ್ಗಿದ ತಳಿಗೇ ಮತ್ತೆ ಮತ್ತೆ ಕ್ರಾಸ್ ಮಾಡಬೇಕು. ಇದೇ ಬ್ಯಾಕ್‌ಕ್ರಾಸ್. ಮೊದಲ ಕ್ರಾಸಿನಲ್ಲಿ ಒಗ್ಗಿದ ತಳಿಯ ಪಾಲು ಶೇ 50. ಒಂದು ಬ್ಯಾಕ್‌ಕ್ರಾಸ್ ಆದರೆ 75, ಎರಡಾದರೆ 87.5, ಮೂರಾದರೆ 93.75. ಇದು ಸರಾಸರಿ ಮಾತ್ರ. ಬೇಕಾದ ಜೀನಿನ ಅಕ್ಕಪಕ್ಕದ ತುಂಡು ಇನ್ನೂ ಅಂಟಿಕೊಂಡೇ ಇರುತ್ತದೆ. ಪ್ರತಿ ಸುತ್ತಿನಲ್ಲೂ ಗುಣ ಇರುವ ಗಿಡವನ್ನೇ ಆರಿಸಿ ಮುಂದಕ್ಕೆ ಹೋಗಿ. ಗುಣ ಅಪ್ರಬಲವಾದರೆ ಬ್ಯಾಕ್‌ಕ್ರಾಸಿನಲ್ಲಿ ಅದು ಕಾಣುವುದೇ ಇಲ್ಲ, ನಡುವೆ ಒಂದು ಪೀಳಿಗೆ ತನ್ನಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟು ನೋಡಬೇಕು. ಡಿಎನ್‌ಎ ಮಾರ್ಕರ್ ಪರೀಕ್ಷೆ (ಬೇಕಾದ ಜೀನ್ ಇದೆಯೇ ಅಂತ ಗಿಡದ ಡಿಎನ್‌ಎಯಲ್ಲೇ ನೋಡುವುದು) ಮಾಡಿಸಲು ಸಾಧ್ಯವಾದರೆ ಈ ತೊಂದರೆ ಇಲ್ಲ. ಎಫ್‌ಆರ್13ಎ ಎಂಬ ಹಳೆಯ ಭತ್ತದಲ್ಲಿದ್ದ, ನೀರಿನಲ್ಲಿ ಮುಳುಗಿದರೂ ಎರಡು ವಾರದಷ್ಟು ತಡೆದುಕೊಳ್ಳುವ ಸಬ್1 ಗುಣವನ್ನು ಸ್ವರ್ಣಾ ಎಂಬ ಭತ್ತದ ತಳಿಗೆ ತಂದದ್ದು ಹೀಗೆ, ಮಾರ್ಕರ್ ನೋಡಿ ಬ್ಯಾಕ್‌ಕ್ರಾಸ್ ಮಾಡಿ.

ಬ್ಯಾಕ್‌ಕ್ರಾಸ್ ಬೇಡದಿದ್ದರೆ ಎರಡನೇ ಪೀಳಿಗೆಯಿಂದ ಒಳ್ಳೆಯ ಗಿಡ ಆರಿಸಿ, ಒಂದೊಂದರ ಬೀಜವನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತುತ್ತಾ ಹೋಗಿ. ತಾನಾಗಿ ಪರಾಗಸ್ಪರ್ಶವಾಗುವ ಬೆಳೆಯಲ್ಲಿ ಒಳಗಿನ ಬೆರಕೆ ಪ್ರತಿ ಪೀಳಿಗೆಗೆ ಅರ್ಧವಾಗುತ್ತದೆ. ಎರಡನೆಯದರಲ್ಲಿ ಶೇ 50, ಆರನೆಯದರಲ್ಲಿ ಶೇ 3ರಷ್ಟು. ನಾಲ್ಕನೆಯದರಲ್ಲೇ ಹೊಸ ತಳಿ ಆಯ್ತು ಅಂತ ಹಂಚಬೇಡಿ. ಇನ್ನೂ ಒಡೆಯುತ್ತಿರುತ್ತದೆ, ಒಯ್ದವರು ಬೈಯುತ್ತಾರೆ.

ಒಂದು ಸಾಲಿನ ಗುಣ ಬದಲಾಗದೆ ನಿಂತ ಮೇಲೆ ಅದಕ್ಕೂ ಒಂದು ನಂಬರ್ ಕೊಟ್ಟು, ರಿಜಿಸ್ಟರ್‌ನಲ್ಲಿ ತಾಯಿ ತಂದೆಯರ ನಂಬರ್ ಬರೆದು, ಒಣಗಿಸಿ ಇಡಿ. ಬೀಜ ಕೊಟ್ಟ ಜೀನ್ ಬ್ಯಾಂಕಿಗೂ ಬೆಳೆಗಾರರಿಗೂ ನೀವು ಕಂಡದ್ದನ್ನು ಅವರ ನಂಬರ್ ಸಮೇತ ತಿಳಿಸಿ. ಕೈಬಿಟ್ಟ ಸಾಲುಗಳನ್ನು ಯಾಕೆ ಬಿಟ್ಟಿರಿ ಅಂತಲೂ ಒಂದೊಂದು ಸಾಲು ಬರೆದಿಡಿ.